ಒಂದೇ ವಿಳಾಸ, ಮೂರು ಸರ್ವರ್: ಮನೆಯ ಮೀಡಿಯಾ ಸರ್ವರ್‌ಗಳಿಗೆ ಹೊರಗಿನಿಂದ ದಾರಿ

ಮನೆಯಲ್ಲಿ ಒಂದೇ ಮೀಡಿಯಾ ಸರ್ವರ್ (ನಮ್ಮ ಸಿನಿಮಾ, ವಿಡಿಯೋಗಳನ್ನು ಟಿವಿ, ಫೋನ್‌ಗಳಿಗೆ ಕಳಿಸುವ ವ್ಯವಸ್ಥೆ) ಇದ್ದಾಗ ಅದನ್ನು ದೂರದಿಂದ ನೋಡುವುದು ದೊಡ್ಡ ವಿಷಯವೇನಲ್ಲ. ಪ್ಲೆಕ್ಸ್ ಎಂಬ ಮೀಡಿಯಾ ಸರ್ವರ್ ಪ್ರೋಗ್ರಾಂ ಹಾಕಿ ರಿಮೋಟ್ ಆಕ್ಸೆಸ್ ಆನ್ ಮಾಡಿದರೆ ಎಷ್ಟೋ ಮನೆಗಳಲ್ಲಿ ತಾನಾಗಿಯೇ ಹಸಿರು ಟಿಕ್ ಬಂದುಬಿಡುತ್ತದೆ. ಕಷ್ಟ ಶುರುವಾಗುವುದು ಎರಡನೇ ಸರ್ವರ್ ಬಂದಾಗ. ಹಳೇ ಪಿಸಿಯಲ್ಲಿ ಸಿನಿಮಾಗಳಿಗೆಂದು ಒಂದು ಪ್ಲೆಕ್ಸ್. ನಾಸ್ ಪೆಟ್ಟಿಗೆಯಲ್ಲಿ (ನೆಟ್‌ವರ್ಕ್‌ಗೆ ಜೋಡಿಸಿದ ಹಾರ್ಡ್ ಡಿಸ್ಕ್ ಪೆಟ್ಟಿಗೆ) ಮದುವೆ, ಗೃಹಪ್ರವೇಶ, ಮಕ್ಕಳ ಸ್ಕೂಲ್ ಡೇ ವಿಡಿಯೋಗಳಿಗೆಂದು ಇನ್ನೊಂದು ಪ್ಲೆಕ್ಸ್. ಅವುಗಳ ಪಕ್ಕದಲ್ಲಿ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಜೆಲ್ಲಿಫಿನ್ ಎಂಬ ಇನ್ನೊಂದು ಮೀಡಿಯಾ ಸರ್ವರ್ ಪ್ರೋಗ್ರಾಂ. ಎರಡನೆಯದು ಹೊರಗಿನಿಂದ ಸಿಕ್ಕಿತು ಅನ್ನುವಷ್ಟರಲ್ಲಿ ಮೊದಲನೆಯದು ಕೈಕೊಡುತ್ತದೆ. ಮೊದಲನೆಯದನ್ನು ಸರಿ ಮಾಡಿದರೆ ಎರಡನೆಯದು ಮಾಯ.

ಇದಕ್ಕೆ ಕಾರಣ ಸರಳ. ಒಳಗೆ ಸರ್ವರ್‌ಗಳು ಎಷ್ಟೇ ಇರಲಿ, ಹೊರಗಿನ ಪ್ರಪಂಚಕ್ಕೆ ನಿಮ್ಮ ಮನೆಯದು ಒಂದೇ ವಿಳಾಸ. ಆ ಒಂದು ವಿಳಾಸವನ್ನು ಎಲ್ಲ ಸರ್ವರ್‌ಗಳೂ ಹಂಚಿಕೊಳ್ಳಬೇಕು. ಇಷ್ಟು ಅರ್ಥವಾದರೆ ಪೋರ್ಟ್ ಫಾರ್ವರ್ಡಿಂಗ್, ರಿವರ್ಸ್ ಪ್ರಾಕ್ಸಿ, ಟೇಲ್‌ಸ್ಕೇಲ್ ಎಲ್ಲವೂ ಯಾಕೆ ಹುಟ್ಟಿಕೊಂಡವು ಅನ್ನೋದು ತಾನಾಗಿಯೇ ಹೊಳೆಯುತ್ತದೆ.

ಪೋರ್ಟ್ ಅಂದರೆ ಏನು, ಜಗಳ ಎಲ್ಲಿ

ಆಫೀಸಿನ ಫೋನ್ ನೆನಪಿಸಿಕೊಳ್ಳಿ. ಹೊರಗಿನವರಿಗೆ ಒಂದೇ ನಂಬರ್, ಒಳಗೆ ಒಬ್ಬೊಬ್ಬರಿಗೂ ಒಂದೊಂದು ಎಕ್ಸ್‌ಟೆನ್ಷನ್. ಐಪಿ ವಿಳಾಸ ಆ ಮುಖ್ಯ ನಂಬರ್ ಇದ್ದಂತೆ, ಪೋರ್ಟ್ ಎಕ್ಸ್‌ಟೆನ್ಷನ್ ಇದ್ದಂತೆ. ಒಂದು ವಿಳಾಸಕ್ಕೆ 0ಯಿಂದ 65535ರವರೆಗೆ ಪೋರ್ಟ್ ಸಂಖ್ಯೆಗಳಿರುತ್ತವೆ. ಪ್ಲೆಕ್ಸ್ ಕೂರುವುದು 32400ರಲ್ಲಿ. ಜೆಲ್ಲಿಫಿನ್ ಮತ್ತು ಎಂಬಿ (Emby, ಇದೂ ಒಂದು ಮೀಡಿಯಾ ಸರ್ವರ್ ಪ್ರೋಗ್ರಾಂ) ಎರಡೂ 8096ರಲ್ಲಿ. ಜೆಲ್ಲಿಫಿನ್ ಹುಟ್ಟಿದ್ದೇ 2018ರ ಕೊನೆಯಲ್ಲಿ, ಎಂಬಿಯ ಹಳೆಯ ಮುಕ್ತ ಕೋಡ್‌ನಿಂದ ಕವಲೊಡೆದು. ಹಾಗಾಗಿ ಎರಡಕ್ಕೂ ಒಂದೇ ನಂಬರ್ ಉಳಿದುಕೊಂಡಿದೆ.

ಇಲ್ಲಿ ತುಂಬಾ ಜನ ಎಡವುವ ಒಂದು ಜಾಗ ಇದೆ. ಎರಡು ಬೇರೆ ಬೇರೆ ಯಂತ್ರಗಳಲ್ಲಿ ಎರಡು ಪ್ಲೆಕ್ಸ್‌ಗಳು 32400ರಲ್ಲೇ ಕೂತಿದ್ದರೆ ಏನೂ ತೊಂದರೆ ಇಲ್ಲ. ಪಿಸಿಯ ವಿಳಾಸ 192.168.1.20, ನಾಸ್‌ನ ವಿಳಾಸ 192.168.1.21. ವಿಳಾಸವೇ ಬೇರೆ ಆದಮೇಲೆ ಪೋರ್ಟ್ ಒಂದೇ ಆದರೆ ಏನಂತೆ? ಮನೆಯೊಳಗಿನ ಟಿವಿ ಎರಡನ್ನೂ ಆರಾಮಾಗಿ ಹುಡುಕಿಕೊಳ್ಳುತ್ತದೆ. ಜಗಳ ಆಗುವುದು ಎರಡೇ ಕಡೆ. ಒಂದು, ಒಂದೇ ಯಂತ್ರದಲ್ಲಿ ಎರಡು ಪ್ರೋಗ್ರಾಂಗಳು ಒಂದೇ ಪೋರ್ಟ್ ಕೇಳಿದಾಗ. ಇನ್ನೊಂದು, ರೌಟರ್‌ನ ಹೊರಮೈಯಲ್ಲಿ. ಯಾಕೆಂದರೆ ಅಲ್ಲಿರುವುದು ಒಂದೇ ವಿಳಾಸ, ಆ ವಿಳಾಸದಲ್ಲಿ 32400 ಅನ್ನುವ ಸಂಖ್ಯೆಯೂ ಒಂದೇ.

ಒಂದೇ ಯಂತ್ರದ ಜಗಳ ಬಗೆಹರಿಸುವುದು ಸುಲಭ. ಎಂಬಿ ಮತ್ತು ಜೆಲ್ಲಿಫಿನ್ ಒಟ್ಟಿಗೆ ಹಾಕಿದ್ದರೆ ಒಂದರ ನೆಟ್‌ವರ್ಕ್ ಸೆಟ್ಟಿಂಗ್ಸ್‌ಗೆ ಹೋಗಿ 8096 ಇದ್ದದ್ದನ್ನು 8097 ಮಾಡಿ. ಪ್ರತಿ ಪ್ರೋಗ್ರಾಂಅನ್ನೂ ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್‌ನಲ್ಲಿ ಓಡಿಸುತ್ತಿದ್ದರೆ ಪೋರ್ಟ್ ಸಾಲಿನಲ್ಲಿ 8097:8096 ಎಂದು ಬರೆದರೆ ಸಾಕು. ಎಡಗಡೆಯದು ಯಂತ್ರದ ಪೋರ್ಟ್, ಬಲಗಡೆಯದು ಕಂಟೇನರ್‌ನ ಒಳಗಿನದು. ಈ ಕ್ರಮ ತಿರುಗಾಮುರುಗಾ ಆದರೆ ಏನೂ ಸಿಗುವುದಿಲ್ಲ. ಇನ್ನೊಂದು ಮಾತು: ಡಾಕರ್‌ನಲ್ಲಿ ಹೋಸ್ಟ್ ನೆಟ್‌ವರ್ಕ್ ಮೋಡ್ ಆಯ್ಕೆ ಮಾಡಿದ್ದರೆ ಈ ಸಾಲಿಗೆ ಬೆಲೆಯೇ ಇಲ್ಲ, ಕಂಟೇನರ್ ನೇರವಾಗಿ ಯಂತ್ರದ ಪೋರ್ಟನ್ನೇ ಹಿಡಿಯುತ್ತದೆ.

ರೌಟರ್‌ನಲ್ಲಿ ನಿಯಮ ಬರೆಯುವುದು

ರೌಟರ್‌ನ ಹೊರಮೈಯ ಜಗಳಕ್ಕೆ ಬರೋಣ. ಹೊರಗಿನಿಂದ ಒಂದು ಪ್ಯಾಕೆಟ್ (ಡೇಟಾದ ಪುಟ್ಟ ಕಟ್ಟು) ಬಂದು 32400 ಬೇಕು ಅಂದಾಗ ರೌಟರ್‌ಗೆ ಅದನ್ನು ಯಾರಿಗೆ ಕೊಡಬೇಕು ಅಂತ ಗೊತ್ತಿರುವುದಿಲ್ಲ. ನಾವು ಹೇಳಿಕೊಡಬೇಕು. ಅದೇ ಪೋರ್ಟ್ ಫಾರ್ವರ್ಡಿಂಗ್. ಬಹಳಷ್ಟು ರೌಟರ್‌ಗಳಲ್ಲಿ ಇದು ವರ್ಚುವಲ್ ಸರ್ವರ್ ಅನ್ನುವ ಹೆಸರಲ್ಲೂ ಇರುತ್ತದೆ. ನಮ್ಮ ಎರಡು ಪ್ಲೆಕ್ಸ್‌ಗಳಿಗೆ ನಿಯಮ ಹೀಗಿರಬೇಕು (ಟಿಸಿಪಿ ಅನ್ನುವುದು ಡೇಟಾ ಸಾಗಿಸುವ ಒಂದು ಬಗೆ):

ಹೊರಗಿನ ಪೋರ್ಟ್ 32400 → 192.168.1.20, ಒಳಗಿನ ಪೋರ್ಟ್ 32400, ಟಿಸಿಪಿ
ಹೊರಗಿನ ಪೋರ್ಟ್ 32401 → 192.168.1.21, ಒಳಗಿನ ಪೋರ್ಟ್ 32400, ಟಿಸಿಪಿ

ಎರಡನೇ ಸಾಲನ್ನು ಇನ್ನೊಮ್ಮೆ ನೋಡಿ. ಹೊರಗೆ 32401, ಒಳಗೆ 32400. ನಾಸ್‌ನಲ್ಲಿರುವ ಪ್ಲೆಕ್ಸ್ ತಾನು ಕೂತ ಜಾಗ ಬಿಟ್ಟು ಕದಲಿಲ್ಲ. ಹೊರಗಿನ ಹೆಸರು ಮಾತ್ರ ಬದಲಾಯಿತು. ಒಳಗಿನ ಪೋರ್ಟ್ ಜಾಗದಲ್ಲೂ 32401 ಬರೆದರೆ ಪ್ಯಾಕೆಟ್ ನಾಸ್‌ವರೆಗೆ ಹೋಗಿ, ಅಲ್ಲಿ ಆ ಪೋರ್ಟ್‌ನಲ್ಲಿ ಯಾರೂ ಇಲ್ಲದೆ ವಾಪಸ್ ಬರುತ್ತದೆ.

ರೌಟರ್‌ಗೆ ಹೇಳಿದ್ದಾಯಿತು. ಆದರೆ ಎರಡನೇ ಪ್ಲೆಕ್ಸ್‌ಗೂ ಹೇಳಬೇಕಲ್ವಾ? ಪ್ಲೆಕ್ಸ್ ಸರ್ವರ್ ತನ್ನ ಹೊರಗಿನ ವಿಳಾಸ ಮತ್ತು ಪೋರ್ಟನ್ನು ಪ್ಲೆಕ್ಸ್ ಕಂಪನಿಯ ಸರ್ವರ್‌ಗೆ ತಿಳಿಸುತ್ತಾ ಇರುತ್ತದೆ. ಅಮೆರಿಕದಲ್ಲಿ ಕೂತ ಮಗಳ ಫೋನ್ ಅಲ್ಲಿ ಕೇಳಿ, ಆ ವಿಳಾಸಕ್ಕೆ ನೇರ ಬರುತ್ತದೆ. ಹಾಗಾಗಿ ನಾಸ್‌ನ ಪ್ಲೆಕ್ಸ್‌ನಲ್ಲಿ ಸೆಟ್ಟಿಂಗ್ಸ್, ರಿಮೋಟ್ ಆಕ್ಸೆಸ್‌ಗೆ ಹೋಗಿ, ಪಬ್ಲಿಕ್ ಪೋರ್ಟನ್ನು ಕೈಯಾರೆ ಕೊಡುವ ಚೌಕಕ್ಕೆ ಟಿಕ್ ಹಾಕಿ 32401 ಎಂದು ತುಂಬಬೇಕು. ಮೊದಲ ಪ್ಲೆಕ್ಸ್‌ನಲ್ಲೂ ಹೀಗೆಯೇ 32400 ತುಂಬಿ, ಊಹೆಗೆ ಬಿಡಬೇಡಿ.

ಹಾಗೆ ಬಿಟ್ಟರೆ ಏನಾಗುತ್ತದೆ? ಯುಪಿಎನ್‌ಪಿ ಅನ್ನುವ ಸೌಲಭ್ಯದ ಮೂಲಕ ಸರ್ವರ್‌ಗಳೇ ರೌಟರ್‌ನ ಬಳಿ ಪೋರ್ಟ್ ಕೇಳಿಕೊಳ್ಳುತ್ತವೆ. ಒಂದು ಸರ್ವರ್ ಇದ್ದಾಗ ಇದು ಅನುಕೂಲ. ಎರಡು ಮೂರು ಆದಾಗ ಯಾವುದಕ್ಕೆ ಯಾವ ಪೋರ್ಟ್ ಸಿಕ್ಕಿತು ಅನ್ನೋದು ನಿಮ್ಮ ಕೈಲಿ ಇರುವುದಿಲ್ಲ. ಜೊತೆಗೆ, ಯುಪಿಎನ್‌ಪಿ ಕೇಳುವವರು ಯಾರು ಎಂದು ನೋಡುವುದಿಲ್ಲ. ಮನೆಯ ಅಗ್ಗದ ಕ್ಯಾಮೆರಾ ಕೂಡ ಸುಮ್ನೆ ಒಂದು ಬಾಗಿಲು ತೆರೆದುಕೊಂಡು ಕೂರಬಹುದು. ನಿಯಮಗಳನ್ನು ಕೈಯಾರೆ ಬರೆದಮೇಲೆ ಅದನ್ನು ಆಫ್ ಮಾಡಿಬಿಡುವುದೇ ಒಳ್ಳೆಯದು.

ನಿಯಮದಲ್ಲಿ ನಾವು ಬರೆದದ್ದು 192.168.1.21 ಎಂದು. ಕರೆಂಟ್ ಹೋಗಿ ಬಂದಮೇಲೆ ನಾಸ್‌ಗೆ ಆ ವಿಳಾಸವೇ ಸಿಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ರೌಟರ್ ಮೊದಲು ಎದ್ದು, ಫೋನಿಗೆ ಆ ವಿಳಾಸ ಕೊಟ್ಟುಬಿಟ್ಟರೆ ನಿಯಮ ಫೋನಿನ ಕಡೆ ಬೊಟ್ಟು ಮಾಡುತ್ತಾ ನಿಲ್ಲುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ದಿನಕ್ಕೆಷ್ಟು ಸಲ ಕರೆಂಟ್ ಹೋಗುತ್ತದೆ ಅಂತ ಗೊತ್ತಲ್ಲ. ಆದ್ದರಿಂದ ರೌಟರ್‌ನ ಡಿಎಚ್‌ಸಿಪಿ (ಮನೆಯ ಯಂತ್ರಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಪುಟದಲ್ಲಿ ಅಡ್ರೆಸ್ ರಿಸರ್ವೇಷನ್ ಅನ್ನುವ ಜಾಗ ಹುಡುಕಿ, ಪ್ರತಿ ಸರ್ವರ್‌ನ ಮ್ಯಾಕ್ ವಿಳಾಸಕ್ಕೆ (ಯಂತ್ರದ ನೆಟ್‌ವರ್ಕ್ ಭಾಗದ ಗುರುತಿನ ಸಂಖ್ಯೆ) ಒಂದೊಂದು ಐಪಿಯನ್ನು ಕಾಯಂ ಮಾಡಿ. ನಿನ್ನೆವರೆಗೆ ಸರಿ ಇತ್ತು, ಇವತ್ತು ಇಲ್ಲ ಅನ್ನುವ ದೂರುಗಳಲ್ಲಿ ಹೆಚ್ಚಿನವು ಇಲ್ಲೇ ಮುಗಿದುಹೋಗುತ್ತವೆ.

ನಿಮಗೆ ನಿಜವಾಗಿ ಒಂದು ವಿಳಾಸ ಇದೆಯಾ?

ಮೇಲಿನದ್ದೆಲ್ಲ ತಪ್ಪಿಲ್ಲದೆ ಮಾಡಿದರೂ ಹೊರಗಿನಿಂದ ಏನೂ ಕಾಣದಿದ್ದರೆ ಪೋರ್ಟ್ ಬದಲಾಯಿಸುತ್ತಾ ಕೂರಬೇಡಿ. ಮೊದಲು ಒಂದು ವಿಷಯ ನೋಡಿ. ರೌಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ (WAN) ಐಪಿ ಎಂದು ಒಂದು ಸಂಖ್ಯೆ ಇರುತ್ತದೆ, ಅದು ರೌಟರ್‌ನ ಹೊರಮೈಯ ವಿಳಾಸ. ಅದನ್ನು ಬರೆದುಕೊಳ್ಳಿ. ಆಮೇಲೆ ಬ್ರೌಸರ್‌ನಲ್ಲಿ ನನ್ನ ಐಪಿ ಯಾವುದು ಎಂದು ಹುಡುಕಿ. ಎರಡೂ ಒಂದೇ ಆಗಿದ್ದರೆ ನಿಮಗೆ ನಿಮ್ಮದೇ ಆದ ಸಾರ್ವಜನಿಕ ವಿಳಾಸ ಇದೆ. ಬೇರೆ ಬೇರೆ ಆಗಿದ್ದರೆ, ಅದರಲ್ಲೂ ರೌಟರ್ ತೋರಿಸುವ ಸಂಖ್ಯೆ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ, ನೀವು ಸಿಜಿ-ನ್ಯಾಟ್‌ನ ಹಿಂದೆ ಇದ್ದೀರಿ.

ಇಲ್ಲಿಯವರೆಗೆ ನೋಡಿದ ವಿಳಾಸಗಳು ಐಪಿವಿ4 ಎಂಬ ಬಗೆಯವು. ಅದರಲ್ಲಿ ಒಟ್ಟು ವಿಳಾಸಗಳಿರುವುದು ಸುಮಾರು 430 ಕೋಟಿ. 2011ರ ಫೆಬ್ರವರಿಯಲ್ಲೇ ಜಾಗತಿಕ ದಾಸ್ತಾನು ಹಂಚಿ ಮುಗಿಯಿತು. ಆಮೇಲೆ ಬಂದ ಕೋಟಿಗಟ್ಟಲೆ ಗ್ರಾಹಕರಿಗೆ ಕೊಡಲು ವಿಳಾಸ ಎಲ್ಲಿಂದ ತರುವುದು? ಇಂಟರ್ನೆಟ್ ಕಂಪನಿಗಳು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಿದವು. ಈ ಕೆಲಸಕ್ಕೆಂದೇ 2012ರಲ್ಲಿ 100.64ರ ಆ ಗುಂಪನ್ನು ಮೀಸಲಿಟ್ಟರು. ಅಂದರೆ ನಿಮ್ಮ ಮನೆಯ ರೌಟರ್‌ಗಿಂತ ಮೇಲೆ ಕಂಪನಿಯ ಇನ್ನೊಂದು ದೊಡ್ಡ ರೌಟರ್ ಇದೆ. ಹೊರಗಿನಿಂದ ಬರುವ ಪ್ಯಾಕೆಟ್ ಮೊದಲು ಅಲ್ಲಿ ನಿಲ್ಲುತ್ತದೆ. ಅಲ್ಲಿ ನಿಯಮ ಬರೆಯುವ ಅಧಿಕಾರ ನಿಮಗಿಲ್ಲ. ನಿಮ್ಮ ರೌಟರ್‌ನಲ್ಲಿ ಎಷ್ಟು ನಿಯಮ ಬರೆದರೂ ಅದರ ಬಾಗಿಲಿಗೆ ಪ್ಯಾಕೆಟ್ ಬರುವುದೇ ಇಲ್ಲ.

ನಮ್ಮ ದೇಶದ ಬಹಳಷ್ಟು ಫೈಬರ್ ಮತ್ತು ಮೊಬೈಲ್ ಸಂಪರ್ಕಗಳು ಹೀಗೇ ಇವೆ. ವಿದೇಶದಲ್ಲಿ ಬರೆದ ಗೈಡ್‌ಗಳನ್ನು ಓದಿ ಅಕ್ಷರಕ್ಕೆ ಅಕ್ಷರ ಪಾಲಿಸಿದರೂ ಇಲ್ಲಿ ಕೆಲಸ ಮಾಡದಿರುವುದಕ್ಕೆ ದೊಡ್ಡ ಕಾರಣ ಇದು. ನಿಮ್ಮ ತಪ್ಪೇನೂ ಇರುವುದಿಲ್ಲ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸಾರ್ವಜನಿಕ ವಿಳಾಸ, ಬೇಕು ಎಂದು ಕೇಳಿ. ಹಲವು ಕಂಪನಿಗಳು ಹೆಚ್ಚಿನ ಹಣಕ್ಕೆ ಕೊಡುತ್ತವೆ.

ವ್ಯಾನ್ ಐಪಿ 192.168 ಅಥವಾ 10ರಿಂದ ಶುರುವಾಗುತ್ತಿದ್ದರೆ ಇನ್ನೊಂದು ಸಾಧ್ಯತೆ ಇದೆ. ಕಂಪನಿ ಕೊಟ್ಟ ಫೈಬರ್ ಪೆಟ್ಟಿಗೆಯೂ ರೌಟರ್ ಕೆಲಸ ಮಾಡುತ್ತಿದೆ, ನೀವು ಕೊಂಡ ರೌಟರ್ ಕೂಡ. ಎರಡು ನ್ಯಾಟ್, ಅಂದರೆ ಒಳಗಿನ ವಿಳಾಸಗಳನ್ನು ಒಂದು ಹೊರ ವಿಳಾಸದ ಹಿಂದೆ ಕೂರಿಸುವ ಕೆಲಸ ಎರಡು ಸಲ. ಕಂಪನಿಯ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ (ಸಂಪರ್ಕ ಮಾತ್ರ ದಾಟಿಸುವಂತೆ) ಹಾಕಿಸಿ, ಇಲ್ಲವಾದರೆ ನಿಮ್ಮ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ವೈಫೈ ಮಾತ್ರ ಕೊಡುವಂತೆ) ಬದಲಾಯಿಸಿ.

ವಿಳಾಸದ ಬರವೇ ಇಲ್ಲದ ದಾರಿಯೂ ಇದೆ: ಐಪಿವಿ6 ಎಂಬ ಹೊಸ ಬಗೆಯ ವಿಳಾಸ. ಅದರಲ್ಲಿ ಪ್ರತಿ ಯಂತ್ರಕ್ಕೂ ಪ್ರಪಂಚಕ್ಕೆ ಕಾಣುವ ಸ್ವಂತ ವಿಳಾಸ ಸಿಗುತ್ತದೆ. ಎರಡೂ ಪ್ಲೆಕ್ಸ್‌ಗಳು 32400ರಲ್ಲೇ ಇರಬಹುದು, ಹೊರಗೂ ಜಗಳವಿಲ್ಲ. ಫಾರ್ವರ್ಡಿಂಗ್ ಬದಲು ರೌಟರ್‌ನ ಫೈರ್‌ವಾಲ್‌ನಲ್ಲಿ ಆ ವಿಳಾಸಕ್ಕೆ, ಆ ಪೋರ್ಟ್‌ಗೆ ಅನುಮತಿ ಕೊಟ್ಟರೆ ಮುಗಿಯಿತು. ನಮ್ಮಲ್ಲಿ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಐಪಿವಿ6 ಚೆನ್ನಾಗಿ ಹರಡಿದೆ. ಆದರೆ ನೋಡುವವರ ಕಡೆಯೂ ಅದು ಇರಬೇಕು. ಮಗನ ಹಾಸ್ಟೆಲ್ ವೈಫೈನಲ್ಲಿ ಇಲ್ಲದಿದ್ದರೆ ಅವನಿಗೆ ದಾರಿ ಇಲ್ಲ.

ಜೆಲ್ಲಿಫಿನ್‌ನ ಕಥೆ ಬೇರೆ

ಪ್ಲೆಕ್ಸ್‌ಗೆ ವಿಳಾಸ ಹುಡುಕಿಕೊಡಲು ಕಂಪನಿ ಇದೆ. ಅದಕ್ಕೆ ತಕ್ಕ ಬೆಲೆಯೂ ಇದೆ. 2025ರ ಏಪ್ರಿಲ್ 29ರಿಂದ ಸ್ವಂತ ವಿಡಿಯೋಗಳನ್ನು ಮನೆಯ ಹೊರಗಿನಿಂದ ನೋಡಲು ಸರ್ವರ್ ಮಾಲೀಕರ ಬಳಿ ಪ್ಲೆಕ್ಸ್ ಪಾಸ್ ಇರಬೇಕು, ಅಥವಾ ನೋಡುವವರು ರಿಮೋಟ್ ವಾಚ್ ಪಾಸ್ ಕೊಳ್ಳಬೇಕು. ಜೆಲ್ಲಿಫಿನ್ ಪೂರ್ತಿ ಉಚಿತ, ಆದರೆ ಅದರ ಹಿಂದೆ ವಿಳಾಸ ಹೇಳುವವರು ಯಾರೂ ಇಲ್ಲ. ನೀವೇ ವಿಳಾಸ ಟೈಪ್ ಮಾಡಬೇಕು. ಮನೆಯ ಐಪಿ ಬದಲಾಗುತ್ತಾ ಇದ್ದರೆ ಡಕ್‌ಡಿಎನ್‌ಎಸ್‌ನಂಥ ಸೇವೆಯಲ್ಲಿ ಒಂದು ಹೆಸರು ಪಡೆದು, ಆ ಹೆಸರನ್ನು ಹೊಸ ಐಪಿಗೆ ಹೊಂದಿಸುವ ಪುಟ್ಟ ಪ್ರೋಗ್ರಾಂ ಓಡಿಸಿದರೆ ಸಾಕು.

ಗಮನ ಕೊಡಬೇಕಾದ್ದು 8096ಕ್ಕೆ. ಈ ಪೋರ್ಟ್‌ನಲ್ಲಿ ಹೋಗುವುದು ಗೂಢಲಿಪಿ ಇಲ್ಲದ ಎಚ್‌ಟಿಟಿಪಿ. ಇದನ್ನೇ ನೇರವಾಗಿ ಹೊರಗೆ ತೆರೆದರೆ ಏರ್‌ಪೋರ್ಟ್ ವೈಫೈನಿಂದ ಲಾಗಿನ್ ಆಗುವಾಗ ಪಾಸ್‌ವರ್ಡ್ ಬರಿಗಣ್ಣಿಗೆ ಕಾಣುವಂತೆ ಸಾಗುತ್ತದೆ. ಹಾಗೆ ಮಾಡಬೇಡಿ. ಇಲ್ಲಿ ರಿವರ್ಸ್ ಪ್ರಾಕ್ಸಿ, ಅಂದರೆ ಹೊರಗಿನಿಂದ ಬಂದದ್ದನ್ನು ಮೊದಲು ತಾನು ಪಡೆದು ಸರಿಯಾದ ಸರ್ವರ್‌ಗೆ ದಾಟಿಸುವ ಪ್ರೋಗ್ರಾಂ, ಬೇಕು.

ಹಲವು ಸರ್ವರ್‌ಗಳಿರುವ ಮನೆಗೆ ರಿವರ್ಸ್ ಪ್ರಾಕ್ಸಿ ನಿಜಕ್ಕೂ ಚಂದದ ಉಪಾಯ. ಹೊರಗೆ ಒಂದೇ ಒಂದು ಪೋರ್ಟ್, 443. ಇದು ಗೂಢಲಿಪಿಯಲ್ಲಿ ಸಾಗುವ ಎಚ್‌ಟಿಟಿಪಿಎಸ್‌ನ ಪೋರ್ಟ್. ಅದು ಪ್ರಾಕ್ಸಿ ಓಡುವ ಯಂತ್ರಕ್ಕೆ ಹೋಗುತ್ತದೆ. ಸಿನಿಮಾಗೆ ಒಂದು ಹೆಸರು, ಸಂಗೀತಕ್ಕೆ ಒಂದು ಹೆಸರು, ಫೋಟೋಗೆ ಒಂದು ಹೆಸರು ಇಟ್ಟುಕೊಳ್ಳಿ. ಮೂರೂ ಹೆಸರು ತೋರಿಸುವುದು ಅದೇ ಐಪಿಯನ್ನೇ. ಬ್ರೌಸರ್ ಸಂಪರ್ಕ ಶುರು ಮಾಡುವಾಗ ತನಗೆ ಯಾವ ಹೆಸರು ಬೇಕು ಅಂತ ಮೊದಲೇ ಹೇಳುತ್ತದೆ. ಪ್ರಾಕ್ಸಿ ಅದನ್ನು ಓದಿ ಒಂದನ್ನು 192.168.1.22ರ 8096ಕ್ಕೆ, ಇನ್ನೊಂದನ್ನು ಬೇರೆ ಯಂತ್ರಕ್ಕೆ ಕಳಿಸುತ್ತದೆ. ಇಷ್ಟು ಹೊತ್ತು ಪೋರ್ಟ್ ಸಂಖ್ಯೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಹೆಸರು ಮಾಡುತ್ತದೆ. ಯಾವ ಸರ್ವರ್‌ಗೆ ಯಾವ ಪೋರ್ಟ್ ಅಂತ ಮನೆಯವರು ನೆನಪಿಟ್ಟುಕೊಳ್ಳಬೇಕಾಗಿಲ್ಲ.

ಹೊಸಬರಿಗೆ ನಾನು ಹೇಳುವ ಪ್ರಾಕ್ಸಿ ಪ್ರೋಗ್ರಾಂ ಕ್ಯಾಡಿ. ಒಂದೊಂದು ಸರ್ವರ್‌ಗೆ ಎರಡು ಮೂರು ಸಾಲು ಬರೆದರೆ ಸಾಕು, ಲೆಟ್ಸ್ ಎನ್‌ಕ್ರಿಪ್ಟ್‌ನಂಥ ಸಂಸ್ಥೆಗಳಿಂದ ಗೂಢಲಿಪಿಗೆ ಬೇಕಾದ ಉಚಿತ ಪ್ರಮಾಣಪತ್ರ ತರುವುದು, ಅವಧಿ ಮುಗಿಯುವ ಮೊದಲು ನವೀಕರಿಸುವುದು ಎಲ್ಲ ಅದೇ ನೋಡಿಕೊಳ್ಳುತ್ತದೆ. ಎಂಜಿನ್ಎಕ್ಸ್ (nginx) ಎಂಬ ಇನ್ನೊಂದು ಪ್ರಾಕ್ಸಿ ಗೊತ್ತಿದ್ದರೆ ಅದೂ ಆಗುತ್ತದೆ. ಜೆಲ್ಲಿಫಿನ್‌ನ ನೆಟ್‌ವರ್ಕಿಂಗ್ ಪುಟದಲ್ಲಿ ನೋನ್ ಪ್ರಾಕ್ಸೀಸ್ ಎಂಬ ಜಾಗದಲ್ಲಿ ಪ್ರಾಕ್ಸಿ ಯಂತ್ರದ ಐಪಿ ತುಂಬುವುದನ್ನು ಮರೆಯಬೇಡಿ. ತುಂಬದಿದ್ದರೆ ಸರ್ವರ್‌ಗೆ ಎಲ್ಲರೂ ಪ್ರಾಕ್ಸಿಯಿಂದ, ಅಂದರೆ ಮನೆಯೊಳಗಿನಿಂದಲೇ ಬಂದಂತೆ ಕಾಣುತ್ತಾರೆ. ಆಗ ಹೊರಗಿನವರಿಗೆಂದು ಹಾಕಿದ ವೇಗದ ಮಿತಿ ಕೆಲಸ ಮಾಡುವುದಿಲ್ಲ.

ಬಾಗಿಲೇ ತೆರೆಯದ ದಾರಿ

ನೋಡುವವರು ಮನೆಯವರು ನಾಲ್ಕು ಜನ ಮಾತ್ರ ಅಂದರೆ ನನ್ನ ಮೊದಲ ಸಲಹೆ ಟೇಲ್‌ಸ್ಕೇಲ್. ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರದ (ಇಂಟರ್ನೆಟ್ ಮೇಲೆಯೇ ಖಾಸಗಿ ನೆಟ್‌ವರ್ಕ್ ಕಟ್ಟುವ ತಂತ್ರ) ಮೇಲೆ ಕಟ್ಟಿದ್ದು. ಸರ್ವರ್‌ಗಳಲ್ಲೂ ಫೋನ್‌ಗಳಲ್ಲೂ ಹಾಕಿ ಒಂದೇ ನೆಟ್‌ವರ್ಕ್‌ಗೆ ಸೇರಿಸಿದರೆ ಪ್ರತಿ ಯಂತ್ರಕ್ಕೂ 100ರಿಂದ ಶುರುವಾಗುವ ಒಂದು ಸ್ವಂತ ವಿಳಾಸ ಸಿಗುತ್ತದೆ. ಸ್ವಂತ ವಿಳಾಸ ಸಿಕ್ಕಮೇಲೆ ಪೋರ್ಟ್ ಜಗಳ ಎಲ್ಲಿಂದ ಬರಬೇಕು? ಎರಡು ಪ್ಲೆಕ್ಸ್ 32400ರಲ್ಲೇ, ಜೆಲ್ಲಿಫಿನ್ 8096ರಲ್ಲೇ. ಈ ದಾರಿಯಲ್ಲಿ ಎಲ್ಲವೂ ಗೂಢಲಿಪಿಯಲ್ಲೇ ಹೋಗುವುದರಿಂದ ಇಲ್ಲಿ 8096 ಬಳಸಲು ಹೆದರಬೇಕಿಲ್ಲ. ರೌಟರ್‌ನಲ್ಲಿ ಒಂದೂ ನಿಯಮ ಬೇಡ. ಸಿಜಿ-ನ್ಯಾಟ್ ಇದ್ದರೂ ನಡೆಯುತ್ತದೆ, ಯಾಕೆಂದರೆ ಎರಡೂ ಕಡೆಯವರು ಒಳಗಿನಿಂದ ಹೊರಗೆ ಹೋಗಿ ಭೇಟಿಯಾಗುತ್ತಾರೆ. ನೇರ ಭೇಟಿ ಆಗದಿದ್ದರೆ ಮಾತ್ರ ರಿಲೇ ಸರ್ವರ್ (ನಡುವೆ ನಿಂತು ದಾಟಿಸುವ ಸರ್ವರ್) ಮೂಲಕ ಹೋಗುತ್ತದೆ, ಆಗ ವೇಗ ಕಡಿಮೆ.

ಕೊರತೆ ಇರುವುದು ನೋಡುವ ಸಾಧನದಲ್ಲಿ. ಆಂಡ್ರಾಯ್ಡ್ ಟಿವಿ, ಆಪಲ್ ಟಿವಿಗೆ ಆ್ಯಪ್ ಇದೆ. ಎಷ್ಟೋ ಸ್ಮಾರ್ಟ್ ಟಿವಿಗಳಿಗೆ ಇಲ್ಲ. ನೆಂಟರಿಷ್ಟರಿಗೆಲ್ಲ ಹಂಚಬೇಕು ಅಂದರೆ ಪ್ರತಿಯೊಬ್ಬರ ಫೋನಿಗೂ ಇದನ್ನು ಹಾಕಿಸುವುದು ಕಷ್ಟದ ಕೆಲಸ. ಆಗ ರಿವರ್ಸ್ ಪ್ರಾಕ್ಸಿಗೆ ಬನ್ನಿ. ಕ್ಲೌಡ್‌ಫ್ಲೇರ್ ಕಂಪನಿಯ ಟನಲ್ ಎಂಬ ಸೇವೆ ಕೂಡ ಪೋರ್ಟ್ ತೆರೆಯದೆ ಕೆಲಸ ಮಾಡುತ್ತದೆ. ಆದರೆ ಅವರ ಷರತ್ತುಗಳು ಈ ದಾರಿಯಲ್ಲಿ ವಿಡಿಯೋ ಹರಿಸಲು ಮಿತಿ ಹಾಕುತ್ತವೆ. ಸಿನಿಮಾಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಬಾಗಿಲು ಕಡಿಮೆ ಇರಲಿ ಎಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಪಾಸ್‌ವರ್ಡ್ ಕಂಪನಿಯ ಮೇಲೆ ನಡೆದ ದೊಡ್ಡ ದಾಳಿಯಲ್ಲಿ ಕಳ್ಳರು ಒಳಗೆ ಬಂದ ದಾರಿಗಳಲ್ಲಿ ಒಂದು, ಅಲ್ಲಿನ ಎಂಜಿನಿಯರ್ ಒಬ್ಬರ ಮನೆ ಕಂಪ್ಯೂಟರ್‌ನಲ್ಲಿದ್ದ ಹಳೆಯ ಪ್ಲೆಕ್ಸ್. ಆ ದೋಷಕ್ಕೆ 2020ರ ಮೇನಲ್ಲೇ ಅಪ್‌ಡೇಟ್ ಬಂದಿತ್ತು, ಹಾಕಿರಲಿಲ್ಲ. ಅದೇ 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ್‍ಯಾನ್ಸಮ್‌ವೇರ್ (ಒತ್ತೆಹಣ ಕೇಳುವ ದುಷ್ಟ ಪ್ರೋಗ್ರಾಂ) ಇಂಟರ್ನೆಟ್‌ಗೆ ತೆರೆದಿಟ್ಟ ಕ್ಯೂನ್ಯಾಪ್ ಕಂಪನಿಯ ನಾಸ್‌ಗಳನ್ನು ಹುಡುಕಿ ಹುಡುಕಿ ಫೈಲ್‌ಗಳಿಗೆ ಬೀಗ ಹಾಕಿತು. ಮದುವೆಯ ವಿಡಿಯೋ, ಈಗ ಇಲ್ಲದ ಅಜ್ಜಿಯ ದನಿ ಇರುವುದು ಅಂಥ ಪೆಟ್ಟಿಗೆಯಲ್ಲೇ. ಪೋರ್ಟ್ 32400 ಇದ್ದದ್ದನ್ನು 45871 ಮಾಡಿದರೆ ಅಡಗಿಕೊಂಡಂತಾಗುವುದಿಲ್ಲ. ಎಲ್ಲ ಪೋರ್ಟ್‌ಗಳನ್ನೂ ಹಗಲೂ ರಾತ್ರಿ ತಟ್ಟಿ ನೋಡುವ ಯಂತ್ರಗಳಿವೆ. ಮೀಡಿಯಾ ಸರ್ವರ್‌ನ ಪೋರ್ಟ್ ಬಿಟ್ಟು ಬೇರೆ ಯಾವುದನ್ನೂ ಹೊರಗೆ ಕೊಡಬೇಡಿ. ನಾಸ್‌ನ ಆಡಳಿತ ಪುಟ, ಫೈಲ್ ಹಂಚಿಕೆಯ 445, ರಿಮೋಟ್ ಡೆಸ್ಕ್‌ಟಾಪ್‌ನ 3389 ಯಾವತ್ತೂ ಬೇಡ.

ಮೂರು ಸರ್ವರ್, ಒಂದೇ ಅಪ್‌ಲೋಡ್

ಪೋರ್ಟ್ ಸರಿಯಾದಮೇಲೆ ಕಾಣುವ ತೊಂದರೆ ಇದು. ದೂರದಿಂದ ಯಾರಾದರೂ ನೋಡುವಾಗ ಖರ್ಚಾಗುವುದು ನಿಮ್ಮ ಮನೆಯ ಅಪ್‌ಲೋಡ್ ವೇಗ. 1080ಪಿ ಸಿನಿಮಾಗೆ ಸಾಧಾರಣ 8ರಿಂದ 12 ಎಂಬಿಪಿಎಸ್ ಬೇಕು. 4ಕೆ ಡಿಸ್ಕ್‌ನಿಂದ ನೇರ ತೆಗೆದ ಫೈಲ್ ಆದರೆ 60 ದಾಟಬಹುದು. ಪ್ಲೆಕ್ಸ್‌ನಲ್ಲಿ ಅಪ್‌ಲೋಡ್ ವೇಗ ಎಷ್ಟು ಎಂದು ತುಂಬುವ ಜಾಗ ಇದೆ. ನಿಮ್ಮ ವೇಗ 40 ಇದ್ದರೆ ಎರಡೂ ಸರ್ವರ್‌ಗಳಲ್ಲಿ 40 ತುಂಬಬೇಡಿ. ಒಂದಕ್ಕೆ ಇನ್ನೊಂದು ಇರುವುದೇ ಗೊತ್ತಿಲ್ಲ, ಎರಡೂ ಪೂರ್ತಿ 40 ತನ್ನದೇ ಅಂದುಕೊಳ್ಳುತ್ತವೆ. ಹಂಚಿ ಬರೆಯಿರಿ, ವಿಡಿಯೋ ಕಾಲ್‌ಗೆ ಸ್ವಲ್ಪ ಉಳಿಸಿ.

ಪ್ಲೆಕ್ಸ್‌ನಲ್ಲಿ ವಿಡಿಯೋ ಓಡುತ್ತದೆ, ಆದರೆ ಯಾವಾಗಲೂ ಮಸುಕು ಅಂದರೆ ವೇಗವನ್ನು ಬೈಯುವ ಮೊದಲು ಪೋರ್ಟ್ ನೋಡಿ. ನೇರ ದಾರಿ ಸಿಗದಿದ್ದಾಗ ಪ್ಲೆಕ್ಸ್ ತನ್ನ ರಿಲೇ ಮೂಲಕ ಕಳಿಸುತ್ತದೆ. ಅಲ್ಲಿ ಸಿಗುವುದು ಹೆಚ್ಚೆಂದರೆ 2 ಎಂಬಿಪಿಎಸ್.

ಪರೀಕ್ಷೆ ಮಾಡುವಾಗ

ಮನೆಯ ವೈಫೈನಲ್ಲೇ ಕೂತು ಹೊರಗಿನ ವಿಳಾಸ ಟೈಪ್ ಮಾಡಿ ನೋಡಬೇಡಿ. ಒಳಗಿನಿಂದ ಹೊರಗೆ ಹೋಗಿ ಮತ್ತೆ ಒಳಗೆ ತಿರುಗುವುದನ್ನು ಎಲ್ಲ ರೌಟರ್‌ಗಳೂ ಮಾಡುವುದಿಲ್ಲ. ಸರಿ ಇದ್ದರೂ ಇಲ್ಲ ಅನ್ನುತ್ತದೆ. ಮೊದಲು ಸರ್ವರ್ ಯಂತ್ರದಲ್ಲೇ ತೆರೆದು ನೋಡಿ. ಆಮೇಲೆ ಮನೆಯ ಇನ್ನೊಂದು ಯಂತ್ರದಿಂದ ಒಳಗಿನ ಐಪಿ ಹಾಕಿ ನೋಡಿ. ಇಲ್ಲಿ ಸೋತರೆ ದೋಷ ಸಾಮಾನ್ಯವಾಗಿ ವಿಂಡೋಸ್ ಫೈರ್‌ವಾಲ್‌ನದ್ದು, ರೌಟರ್ ಮುಟ್ಟಬೇಡಿ. ಕೊನೆಗೆ ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಿಂದ ಹೊರಗಿನ ವಿಳಾಸ ಮತ್ತು ಪೋರ್ಟ್ ಹಾಕಿ.

ಬರುವ ಎರರ್ ಕೂಡ ಸುಳಿವು ಕೊಡುತ್ತದೆ. ತಕ್ಷಣ ಕನೆಕ್ಷನ್ ರಿಫ್ಯೂಸ್ಡ್ ಅಂದರೆ ಪ್ಯಾಕೆಟ್ ಸಾಮಾನ್ಯವಾಗಿ ಯಾವುದೋ ಯಂತ್ರದವರೆಗೆ ತಲುಪಿದೆ, ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವವರಿಲ್ಲ. ಒಳಗಿನ ಪೋರ್ಟ್ ತಪ್ಪಿರಬಹುದು, ಸರ್ವರ್ ನಿಂತಿರಬಹುದು, ಐಪಿ ಬದಲಾಗಿರಬಹುದು. ತುಂಬಾ ಹೊತ್ತು ಸುತ್ತಿ ಟೈಮ್ಡ್ ಔಟ್ ಅಂದರೆ ಪ್ಯಾಕೆಟ್ ದಾರಿಯಲ್ಲೇ ಬಿದ್ದುಹೋಗಿದೆ. ನಿಯಮ ಇಲ್ಲ, ಫೈರ್‌ವಾಲ್ ತಡೆದಿದೆ, ಅಥವಾ ಮೇಲೆ ಸಿಜಿ-ನ್ಯಾಟ್ ಇದೆ. ಒಂದು ಸರ್ವರ್ ಸಿಕ್ಕಿ ಇನ್ನೊಂದು ಸಿಗದಿದ್ದರೆ ಸಿಜಿ-ನ್ಯಾಟ್ ಸಂಶಯ ಬಿಡಿ. ಸಿಗದ ಸರ್ವರ್‌ನ ಆ ಒಂದು ಸಾಲಿನ ನಿಯಮವನ್ನು ಬಿಡಿಸಿ ಓದಿ: ಹೊರಗಿನ ಪೋರ್ಟ್, ಒಳಗಿನ ಐಪಿ, ಒಳಗಿನ ಪೋರ್ಟ್, ಟಿಸಿಪಿ. ತಪ್ಪು ಬಹುತೇಕ ಆ ನಾಲ್ಕರಲ್ಲೇ ಇರುತ್ತದೆ.